ಬಂದು ಹೋಗುವ ಇಂಟರ್ನೆಟ್ – ದೋಷ ಎಲ್ಲಿದೆ?



ಕರೆಂಟ್ ಹೋದರೆ ನಮಗೆ ಕೂಡಲೇ ಗೊತ್ತಾಗುತ್ತದೆ. ನಳ್ಳಿಯಲ್ಲಿ ನೀರು ಬಾರದಿದ್ದರೂ ಗೊತ್ತಾಗುತ್ತದೆ. ಆದರೆ ಇಂಟರ್ನೆಟ್‌ನ ತೊಂದರೆ ಹಾಗಲ್ಲ. ಪೂರ್ತಿ ನಿಂತೇ ಹೋದರೆ ರಿಪೇರಿಯವರು ಬಂದು ಸರಿ ಮಾಡಿಕೊಡುತ್ತಾರೆ. ಬಂದು ಹೋಗಿ, ಹೋಗಿ ಬಂದು ಮಾಡುವ ಇಂಟರ್ನೆಟ್ ಮಾತ್ರ ತಲೆನೋವು. ರಿಪೇರಿಯವರು ಬಂದಾಗ ಎಲ್ಲ ಚೆನ್ನಾಗಿರುತ್ತದೆ. ಅವರು ಗೇಟು ದಾಟಿದ ಮೇಲೆ ಮತ್ತೆ ಶುರು!

ನಮ್ಮ ಒಂದು ಸಂಘದ ಸದಸ್ಯೆಯ ಮನೆಯಲ್ಲಿ ಹೀಗೇ ಆಯಿತು. ಮಗಳಿಗೆ ಮನೆಯಿಂದಲೇ ಮಾಡುವ ಕೆಲಸ ಸಿಕ್ಕಿತ್ತು. ಸಂಜೆ 6ರಿಂದ ರಾತ್ರಿ 11ರ ತನಕ ಗಿರಾಕಿಗಳ ಫೋನಿಗೆ ಉತ್ತರ ಕೊಡುವ ಕೆಲಸ. ಮೂರು ತಿಂಗಳು ನೋಡಿ ಮತ್ತೆ ಖಾಯಂ ಮಾಡುತ್ತೇವೆ ಎಂದಿದ್ದರು. ಆದರೆ ಸಂಜೆಯಾದರೆ ಸಾಕು, ಇಂಟರ್ನೆಟ್ ಕಡಿದು ಹೋಗುವುದು. ಎರಡು ಸಲ ರಿಪೇರಿಯವರು ಬಂದರು. "ಅಕ್ಕಾ, ಲೈನ್ ಸರಿ ಉಂಟು, ನಿಮ್ಮ ರೂಟರ್ ಹಳತಾಗಿದೆ" ಎಂದರು. ಸಂಘದಿಂದ ಒಳಸಾಲ ತೆಗೆದು ಹೊಸ ರೂಟರ್ ತಂದರು. ಸಂಜೆ ಮತ್ತೆ ಅದೇ ಕಥೆ. "ಸಿಸ್ಟರ್, ಇನ್ನು ಹದಿನೈದು ದಿನದಲ್ಲಿ ಸರಿಯಾಗದಿದ್ರೆ ಅವಳ ಕೆಲಸ ಹೋಗ್ತದೆ" ಎಂದು ಆ ತಾಯಿ ಸಭೆಯಲ್ಲಿ ಕಣ್ಣೀರು ಹಾಕಿದರು.

ಕೊನೆಗೆ ದೋಷ ಸಿಕ್ಕಿತು. ಅದಕ್ಕೆ ಖರ್ಚಾದದ್ದು ಒಂದು ನೋಟ್‌ಬುಕ್ ಮತ್ತು ಸ್ವಲ್ಪ ತಾಳ್ಮೆ. ಹೇಗೆಂದು ಕೊನೆಯಲ್ಲಿ ಹೇಳುತ್ತೇನೆ. ಮೊದಲು ನಮಗೆ ಬೇಕಾದ ಮಾಹಿತಿ ತಿಳಿಯೋಣ.

ಇಂಟರ್ನೆಟ್ ಮನೆಗೆ ಬರುವ ದಾರಿ

ನಳ್ಳಿ ನೀರನ್ನು ನೆನಪಿಸಿಕೊಳ್ಳಿ. ಟ್ಯಾಂಕಿನಿಂದ ರಸ್ತೆಯ ಪೈಪು, ಅಲ್ಲಿಂದ ಮನೆಯ ಮೀಟರು, ಮೀಟರಿನಿಂದ ಅಡುಗೆ ಮನೆಯ ನಳ್ಳಿ. ಇಂಟರ್ನೆಟ್‌ಗೂ ಇದೇ ಮೂರು ಭಾಗ.

1. ಹೊರಗಿನ ಲೈನ್: ಈಗ ಹೆಚ್ಚಿನ ಮನೆಗಳಿಗೆ ಫೈಬರ್ ಕೇಬಲ್ ಬರುತ್ತದೆ. ಅದರ ಒಳಗೆ ಕೂದಲಿನಷ್ಟು ಸಪುರದ ಗಾಜಿನ ಎಳೆ ಇದೆ. ಅದರಲ್ಲಿ ಹರಿಯುವುದು ಕರೆಂಟ್ ಅಲ್ಲ, ಬೆಳಕು.
2. ಪೆಟ್ಟಿಗೆ: ಗೋಡೆಗೆ ಹಾಕಿದ ಮೋಡೆಮ್ ಅಥವಾ ರೂಟರ್. ಕೆಲವು ಮನೆಗಳಲ್ಲಿ ಒಂದೇ ಪೆಟ್ಟಿಗೆ, ಕೆಲವು ಮನೆಗಳಲ್ಲಿ ಎರಡು.
3. ವೈಫೈ: ಪೆಟ್ಟಿಗೆಯಿಂದ ನಮ್ಮ ಮೊಬೈಲಿಗೆ ಗಾಳಿಯಲ್ಲಿ ಬರುವ ಅಲೆ.

ನಾವು ಮೂರನ್ನೂ ಸೇರಿಸಿ "ನೆಟ್ ಇಲ್ಲ" ಅಂತೇವೆ. ಅಲ್ಲೇ ತಪ್ಪುವುದು. ವೈಫೈ ದೋಷಕ್ಕೆ ಕಂಪೆನಿ ಬದಲಿಸಿದರೆ ಪ್ರಯೋಜನವಿಲ್ಲ. ಲೈನಿನ ದೋಷಕ್ಕೆ ಹೊಸ ರೂಟರ್ ತಂದರೂ ಹಣ ನಷ್ಟ. ಆದ್ದರಿಂದ ಯಾವ ಭಾಗದಲ್ಲಿ ದೋಷ ಎಂದು ಮೊದಲು ತಿಳಿಯಬೇಕು.

ಮೊದಲ ಹೆಜ್ಜೆ: ಲೆಕ್ಕ ಬರೆಯಿರಿ

ಸಂಘದಲ್ಲಿ ಉಳಿತಾಯ, ಸಾಲ ಎಲ್ಲವನ್ನೂ ಪುಸ್ತಕದಲ್ಲಿ ಬರೆಯುತ್ತೇವಲ್ಲವೇ? ಇದಕ್ಕೂ ಒಂದು ಪುಸ್ತಕ ಇಡಿ. ಒಂದು ವಾರ ಬರೆದರೆ ಸಾಕು. ದಿನಾಂಕ, ಇಂಟರ್ನೆಟ್ ಹೋದ ಗಂಟೆ, ಬಂದ ಗಂಟೆ, ಆಗ ಪೆಟ್ಟಿಗೆಯ ಯಾವ ದೀಪ ಹೇಗಿತ್ತು, ಮಳೆ ಅಥವಾ ಗಾಳಿ ಇತ್ತೇ, ಕರೆಂಟ್ ಹೋಗಿ ಬಂತೇ, ಮನೆಯಲ್ಲಿ ಆಗ ಏನು ನಡೆಯುತ್ತಿತ್ತು – ಇಷ್ಟು ಬರೆಯಿರಿ. ಕೊನೆಯದ್ದನ್ನು ಮರೆಯಬೇಡಿ. ಬಂದು ಹೋಗುವ ದೋಷಕ್ಕೆ ಒಂದು ಕಾರಣ ಇದ್ದೇ ಇರುತ್ತದೆ, ಮತ್ತು ಅದು ಹೆಚ್ಚಾಗಿ ನಮ್ಮ ದಿನಚರಿಯಲ್ಲೋ ಹವಾಮಾನದಲ್ಲೋ ಅಡಗಿರುತ್ತದೆ.

ಬರೆದದ್ದನ್ನು ಓದುವುದು ಹೀಗೆ:

• ಸಂಜೆ 7ರಿಂದ 10ರ ತನಕ ನಿಧಾನ, ಆದರೆ ಪೂರ್ತಿ ಕಡಿಯುವುದಿಲ್ಲ. ನೆರೆಮನೆಯಲ್ಲೂ ಹಾಗೆಯೇ – ಒಂದೇ ಫೈಬರನ್ನು 32 ಅಥವಾ 64 ಮನೆಗಳಿಗೆ ಹಂಚಿರುತ್ತಾರೆ. ಎಲ್ಲರೂ ಒಮ್ಮೆಲೇ ನೋಡುವಾಗ ದಟ್ಟಣೆ ಆಗಬಹುದು. ಇದು ಕಂಪೆನಿ ಸರಿಪಡಿಸಬೇಕಾದದ್ದು.
• ಮಳೆ, ಗಾಳಿ ಬಂದಾಗ ಮಾತ್ರ – ಹೊರಗಿನ ಜೋಡಣೆಯಲ್ಲಿ ನೀರು ಸೇರಿರಬಹುದು. ಮರದ ಕೊಂಬೆಯೋ ತೆಂಗಿನ ಮಡಲೋ ಕೇಬಲಿಗೆ ತಾಗುತ್ತಿರಬಹುದು.
• ಕರೆಂಟ್ ಹೋದಾಗ, ಬಂದಾಗ – ಇನ್ವರ್ಟರ್‌ಗೆ ಬದಲಾಗುವ ಕ್ಷಣದಲ್ಲಿ ಪೆಟ್ಟಿಗೆ ಆರಿ ಮತ್ತೆ ಶುರುವಾಗುತ್ತದೆ; ಅದಕ್ಕೆ ಕೆಲವು ನಿಮಿಷ ಬೇಕು. ರೂಟರಿಗೆಂದೇ ಸಿಗುವ ಸಣ್ಣ ಯುಪಿಎಸ್ ಹಾಕಿದರೆ ಇದು ತಪ್ಪುತ್ತದೆ. ಕೆಲವು ಕೇಬಲ್‌ನವರು ಕಂಬದಲ್ಲಿಟ್ಟ ಪೆಟ್ಟಿಗೆಗೂ ಕರೆಂಟ್ ಬೇಕು. ಹಾಗಿದ್ದರೆ ನಮ್ಮ ಮನೆಯ ಯುಪಿಎಸ್‌ನಿಂದ ಉಪಕಾರವಿಲ್ಲ.
• ಒಂದೇ ಕೋಣೆಯಲ್ಲಿ – ವೈಫೈ ತಲುಪುತ್ತಿಲ್ಲ.
• ಒಂದೇ ಮೊಬೈಲಿನಲ್ಲಿ – ದೋಷ ಆ ಮೊಬೈಲಿನದು.
• ತಿಂಗಳ ಕೊನೆಗೆ ನಿಧಾನ – ಪ್ಲಾನಿನ ಡೇಟಾ ಮಿತಿ ಮುಗಿದು ಸ್ಪೀಡ್ ಇಳಿಸಿರಬಹುದು. ಪ್ಲಾನಿನ ನಿಯಮ ಓದಿ ನೋಡಿ.

ಎರಡನೇ ಹೆಜ್ಜೆ: ದೀಪ ನೋಡಿ

ಪೆಟ್ಟಿಗೆಯ ದೀಪಗಳು ಅಂದಕ್ಕೆ ಇಟ್ಟದ್ದಲ್ಲ. ಇಂಟರ್ನೆಟ್ ಹೋದ ತಕ್ಷಣ ಸ್ವಿಚ್ಚಿಗೆ ಕೈ ಹಾಕಬೇಡಿ, ಮೊದಲು ದೀಪ ನೋಡಿ. ಆಫ್ ಮಾಡಿದರೆ ಸಾಕ್ಷಿಯೇ ಅಳಿಸಿ ಹೋಗುತ್ತದೆ.

"ಪವರ್" ದೀಪ ಆರಿದ್ದರೆ, ಅಥವಾ ಎಲ್ಲಾ ದೀಪಗಳೂ ಒಮ್ಮೆಲೇ ಆರಿ ಹತ್ತಿದರೆ, ಅಡಾಪ್ಟರ್ ಅಥವಾ ಪ್ಲಗ್ ಸಡಿಲ. ಅಡಾಪ್ಟರ್ ಹಳತಾದರೆ ಬಿಸಿಯಾದಾಗ ಸಾಕಷ್ಟು ಕರೆಂಟ್ ಕೊಡುವುದಿಲ್ಲ, ಪೆಟ್ಟಿಗೆ ತನ್ನಷ್ಟಕ್ಕೆ ಆರಿ ಹತ್ತುತ್ತದೆ. ಬದಲಿಸುವಾಗ ಹಳೆಯದರ ಮೇಲೆ ಬರೆದಷ್ಟೇ ವೋಲ್ಟ್ ಇರಬೇಕು. ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬಹುದು, ಕಡಿಮೆ ಇರಬಾರದು.

"ಪಿಒಎನ್" ಎಂದು ಬರೆದ ದೀಪ ಹಸಿರಾಗಿ ಅಲುಗಾಡದೆ ಉರಿಯುತ್ತಿದ್ದರೆ ಪೆಟ್ಟಿಗೆಗೂ ಕಂಪೆನಿಗೂ ಸಂಪರ್ಕ ಇದೆ ಎಂದರ್ಥ. ಮಿನುಗುತ್ತಿದ್ದರೆ ಸಂಪರ್ಕಕ್ಕೆ ಪ್ರಯತ್ನ ನಡೆಯುತ್ತಿದೆ. "ಎಲ್ಒಎಸ್" ದೀಪ ಕೆಂಪಾಗಿ ಮಿನುಗಿದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲ, ಅಥವಾ ತೀರಾ ಕಡಿಮೆ ಬರುತ್ತಿದೆ. ಆಗ ಮೊಬೈಲಿನಲ್ಲಿ ಏನು ಮಾಡಿದರೂ ಪ್ರಯೋಜನವಿಲ್ಲ, ದೋಷ ಕೇಬಲಿನಲ್ಲಿದೆ. ಈ ಕೆಂಪು ದೀಪದ ಫೋಟೋ ತೆಗೆದಿಡಿ. ಗಂಟೆ ಸಮೇತ ಫೋಟೋ ಇದ್ದರೆ "ಲೈನ್ ಸರಿ ಉಂಟು" ಎನ್ನುವವರಿಗೆ ತೋರಿಸಬಹುದು.

ಮೂರನೇ ಹೆಜ್ಜೆ: ವೈಫೈಯೋ ಲೈನೋ?

ದೀಪಗಳೆಲ್ಲ ಸರಿ ಇದ್ದೂ ಇಂಟರ್ನೆಟ್ ಇಲ್ಲದಿದ್ದರೆ ಈ ಪರೀಕ್ಷೆ ಮಾಡಿ. ಮೊದಲು ಮೊಬೈಲಿನ ಡೇಟಾ ಆಫ್ ಮಾಡಿ. ಇದನ್ನು ಎಷ್ಟೋ ಜನ ಮರೆಯುತ್ತಾರೆ. ವೈಫೈ ಬಿದ್ದಾಗ ಮೊಬೈಲ್ ಗುಟ್ಟಾಗಿ ಸಿಮ್ಮಿನ ಡೇಟಾಕ್ಕೆ ಹೋಗುತ್ತದೆ, ನಮಗೆ ಯಾವುದು ನಡೆಯುತ್ತಿದೆ ಎಂದೇ ತಿಳಿಯುವುದಿಲ್ಲ. ನಂತರ ಪೆಟ್ಟಿಗೆಯ ಹತ್ತಿರ, ಎರಡು ಮೂರು ಅಡಿ ದೂರದಲ್ಲಿ ನಿಂತು ನೋಡಿ. ಅಲ್ಲಿ ಚೆನ್ನಾಗಿ ಬಂದು ಒಳಕೋಣೆಯಲ್ಲಿ ಬಾರದಿದ್ದರೆ ದೋಷ ವೈಫೈಯದು.

ವೈಫೈಗೆ ದಪ್ಪ ಮುರಕಲ್ಲಿನ ಗೋಡೆ, ಕಾಂಕ್ರೀಟು, ಕಬ್ಬಿಣದ ಕಪಾಟು, ದೊಡ್ಡ ಕನ್ನಡಿ, ನೀರಿನ ಟ್ಯಾಂಕು ಅಡ್ಡಿ. ಪೆಟ್ಟಿಗೆಯನ್ನು ಮನೆಯ ಮಧ್ಯಭಾಗದಲ್ಲಿ, ಎತ್ತರದಲ್ಲಿ ಇಡಬೇಕು. ಟಿವಿಯ ಹಿಂದೆ, ಫ್ರಿಜ್ಜಿನ ಮೇಲೆ ಇಡಬಾರದು. ಚೆಂದ ಕಾಣಲಿ ಎಂದು ಕಸೂತಿ ಹಾಕಿದ ಬಟ್ಟೆ ಮುಚ್ಚಬೇಡಿ, ಒಳಗೆ ಬಿಸಿಯಾಗುತ್ತದೆ.

ಹೆಚ್ಚಿನ ಪೆಟ್ಟಿಗೆಗಳು ಎರಡು ಹೆಸರಿನ ವೈಫೈ ಕೊಡುತ್ತವೆ. 5ಜಿ ಎಂದು ಬರೆದದ್ದು 5 ಗಿಗಾಹರ್ಟ್ಸ್ – ಹತ್ತಿರಕ್ಕೆ ಜೋರು, ಗೋಡೆ ದಾಟಿದರೆ ಸೋಲುತ್ತದೆ. ಇದಕ್ಕೂ ಮೊಬೈಲ್ ಟವರಿನ 5ಜಿಗೂ ಸಂಬಂಧವಿಲ್ಲ. ಇನ್ನೊಂದು 2.4 ಗಿಗಾಹರ್ಟ್ಸ್ – ದೂರ ಹೋಗುತ್ತದೆ, ಆದರೆ ನೆರೆಮನೆಗಳ ವೈಫೈಯೂ ಮೈಕ್ರೋವೇವ್ ಓವನ್ನೂ ಅದಕ್ಕೆ ತೊಂದರೆ ಕೊಡುತ್ತವೆ. ಫ್ಲ್ಯಾಟುಗಳಲ್ಲಿ ಇರುವವರು ರಿಪೇರಿಯವರ ಹತ್ತಿರ ಹೇಳಿ ಇದರ ಚಾನೆಲನ್ನು 1, 6 ಅಥವಾ 11ರಲ್ಲಿ ಖಾಲಿ ಇರುವುದಕ್ಕೆ ಹಾಕಿಸಬಹುದು.

ನಾಲ್ಕನೇ ಹೆಜ್ಜೆ: ಕಂಪ್ಯೂಟರ್ ಇದ್ದರೆ

ನಿಮ್ಮ ಮಗಳೋ ಮಗನೋ ಇದನ್ನು ಮಾಡಬಹುದು. ಲ್ಯಾಪ್‌ಟಾಪನ್ನು ತಂತಿಯಿಂದ ಪೆಟ್ಟಿಗೆಗೆ ಜೋಡಿಸಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಪರದೆ ತೆರೆದು, ಇಂಗ್ಲಿಷ್ ಅಕ್ಷರದಲ್ಲಿ "ಪಿಂಗ್" ಎಂದು ಬರೆದು, ಜಾಗ ಬಿಟ್ಟು ಪೆಟ್ಟಿಗೆಯ ಸಂಖ್ಯೆ ಹಾಕಬೇಕು. ಈ ಸಂಖ್ಯೆ ಪೆಟ್ಟಿಗೆಯ ಅಡಿಯ ಚೀಟಿಯಲ್ಲಿ ಇರುತ್ತದೆ, ಹೆಚ್ಚಾಗಿ 192.168.1.1. ಮತ್ತೆ ಜಾಗ ಬಿಟ್ಟು ಅಡ್ಡಗೆರೆ ಮತ್ತು ಟಿ ಅಕ್ಷರ ಹಾಕಿದರೆ ಅದು ನಿಲ್ಲಿಸುವ ತನಕ ಕೇಳುತ್ತಲೇ ಇರುತ್ತದೆ. ನಿಲ್ಲಿಸಲು ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಬೇಕು. ಇನ್ನೊಂದು ಕಪ್ಪು ಪರದೆಯಲ್ಲಿ ಹಾಗೆಯೇ 8.8.8.8 ಹಾಕಿ. ಇದು ಹೊರಗಿನ ಗೂಗಲ್ ಕಂಪ್ಯೂಟರಿನ ಸಂಖ್ಯೆ.

ಇದು ಹಾಜರಿ ಕರೆದ ಹಾಗೆ. ಉತ್ತರ ಬಂದರೆ "ಹಾಜರ್". "ಟೈಮ್ಡ್ ಔಟ್" ಎಂದು ಬಂದರೆ ಉತ್ತರವಿಲ್ಲ. ಪೆಟ್ಟಿಗೆಯೇ ಉತ್ತರ ಕೊಡದಿದ್ದರೆ ದೋಷ ಮನೆಯೊಳಗೆ. ಪೆಟ್ಟಿಗೆ ಉತ್ತರ ಕೊಟ್ಟು ಹೊರಗಿನದು ಕೊಡದಿದ್ದರೆ ದೋಷ ಲೈನಿನದ್ದು ಅಥವಾ ಕಂಪೆನಿಯದ್ದು. ಎರಡೂ ಉತ್ತರ ಕೊಟ್ಟರೂ ವೆಬ್‌ಸೈಟ್ ತೆರೆಯದಿದ್ದರೆ ಹೆಸರನ್ನು ಸಂಖ್ಯೆಗೆ ಬದಲಿಸುವ ಡಿಎನ್‌ಎಸ್ ಎಂಬ ವ್ಯವಸ್ಥೆಯಲ್ಲಿ ತೊಂದರೆ ಇರಬಹುದು. ಅದನ್ನು ಕಂಪೆನಿಗೆ ಹಾಗೆಯೇ ಹೇಳಿ.

ಕೆಲವು ಎಚ್ಚರಿಕೆಗಳು

• ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ಸ್ವಿಚ್ ಆಫ್ ಮಾಡಿ ಅರ್ಧ ನಿಮಿಷ ಬಿಟ್ಟು ಹಾಕುವುದು ರೀಸ್ಟಾರ್ಟ್. ಪಿನ್ನಿನಿಂದ ಒತ್ತುವ ಸಣ್ಣ ತೂತು ರೀಸೆಟ್. ಅದನ್ನು ಒತ್ತಿದರೆ ಕಂಪೆನಿ ಹಾಕಿಕೊಟ್ಟ ಹೆಸರು, ಪಾಸ್‌ವರ್ಡ್ ಎಲ್ಲ ಅಳಿಸಿ ಹೋಗಬಹುದು. ಮಕ್ಕಳಿಗೂ ಹೇಳಿಡಿ.
• ಫೈಬರ್ ಕೇಬಲಿನ ತುದಿಯನ್ನು ಬಿಚ್ಚಿ ಒಳಗೆ ಇಣುಕಬೇಡಿ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಹಾನಿ ಮಾಡಬಹುದು.
• ಕೇಬಲನ್ನು ಮಡಚಬೇಡಿ, ಮೊಳೆಗೆ ಬಿಗಿಯಾಗಿ ಸುತ್ತಬೇಡಿ. ಗಾಜಿನ ಎಳೆ ಬಾಗಿದಲ್ಲಿ ಬೆಳಕು ಸೋರಿ ಹೋಗುತ್ತದೆ.
• ಗುಡುಗು ಮಿಂಚಿನ ಮುನ್ಸೂಚನೆ ಕಂಡಾಗಲೇ ಅಡಾಪ್ಟರನ್ನು ಪ್ಲಗ್ಗಿನಿಂದ ತೆಗೆಯಿರಿ.

ದೂರು ಕೊಡುವುದು ಹೇಗೆ?

"ನೆಟ್ ಸರಿ ಇಲ್ಲ" ಎನ್ನಬೇಡಿ. "ಐದು ದಿನದಲ್ಲಿ ಒಂಬತ್ತು ಸಲ ಹೋಗಿದೆ, ಪ್ರತಿ ಸಲವೂ ಎಲ್ಒಎಸ್ ಕೆಂಪು ಇತ್ತು, ಗಂಟೆ ಬರೆದಿಟ್ಟಿದ್ದೇನೆ" ಎನ್ನಿ. ಮಾತಿನ ತೂಕವೇ ಬೇರೆ ಆಗುತ್ತದೆ. ಟೆಲಿಕಾಂ ನಿಯಂತ್ರಣ ಪ್ರಾಧಿಕಾರದ 2012ರ ದೂರು ಪರಿಹಾರ ನಿಯಮದ ಪ್ರಕಾರ ಪ್ರತಿ ದೂರಿಗೂ ಕಂಪೆನಿ ಡಾಕೆಟ್ ಸಂಖ್ಯೆ ಕೊಡಬೇಕು. ಕೇಳಿ ಪಡೆದು ಪುಸ್ತಕದಲ್ಲಿ ಬರೆಯಿರಿ. ಪರಿಹಾರ ತೃಪ್ತಿಯಾಗದಿದ್ದರೆ ಅದೇ ಕಂಪೆನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಇದಕ್ಕೆ ಶುಲ್ಕ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಬಹುದು. ಟೆಲಿಕಾಂ ದೂರುಗಳನ್ನು ಗ್ರಾಹಕ ಆಯೋಗಗಳೂ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ರಿಪೇರಿಯವರು ಬಂದಾಗ ಬೆಳಕಿನ ಮೀಟರ್ ಇಟ್ಟು ಅಳೆಯಲು ಹೇಳಿ. ಅದರ ಲೆಕ್ಕ ಮೈನಸ್‌ನಲ್ಲಿ ಬರುತ್ತದೆ, ಸಾಲದ ಲೆಕ್ಕದ ಹಾಗೆ: ಸಂಖ್ಯೆ ದೊಡ್ಡದಾದಷ್ಟು ಬೆಳಕು ಕಡಿಮೆ. ಮೂರು ಅಂಕ ಹೆಚ್ಚಾದರೆ ಬೆಳಕು ಅರ್ಧವಾಯಿತು ಎಂದರ್ಥ. ಮೈನಸ್ 20ರ ಆಸುಪಾಸು ಒಳ್ಳೆಯದು. ಮೈನಸ್ 27 ದಾಟಿದರೆ ಸಾಮಾನ್ಯ ಪೆಟ್ಟಿಗೆಗೆ ಸಾಲುವುದಿಲ್ಲ.

ಆ ಮನೆಯಲ್ಲಿ ಆದದ್ದೇನು?

ತಾಯಿ ಮಗಳು ಸೇರಿ ಒಂದು ವಾರ ಬರೆದರು. ಸೋಮವಾರ 6.35, ಮಂಗಳವಾರ 6.30, ಬುಧವಾರ 6.40. ಪ್ರತಿ ಸಲವೂ ಎಲ್ಒಎಸ್ ಕೆಂಪು. ಗುರುವಾರ ಮಳೆ, ಅಂದು ಮಧ್ಯಾಹ್ನದಿಂದಲೇ ಇಲ್ಲ. ಭಾನುವಾರ ಎಲ್ಲರೂ ಮದುವೆಗೆ ಹೋಗಿ ರಾತ್ರಿ ಬಂದರು, ಬಂದಾಗ ಇಂಟರ್ನೆಟ್ ಚೆನ್ನಾಗಿಯೇ ಇತ್ತು. ಮಲಗುವ ಮುಂಚೆ ಹೋಯಿತು!

ಸಭೆಯಲ್ಲಿ ಪುಸ್ತಕ ಓದಿದಾಗ ಇನ್ನೊಬ್ಬ ಸದಸ್ಯೆ ಕೇಳಿದರು: "ಆರೂವರೆಗೆ ನೀವು ಮನೆಯಲ್ಲಿ ಏನು ಮಾಡ್ತೀರಿ ಅಕ್ಕಾ?" ಆ ತಾಯಿ ಸ್ವಲ್ಪ ಯೋಚಿಸಿ ಹೇಳಿದರು, "ದೀಪ ಹಾಕ್ತೇನೆ, ಸೊಳ್ಳೆ ಬರ್ತದಲ್ಲ, ಕಿಟಕಿ ಹಾಕ್ತೇನೆ."

ಕೇಬಲ್ ಒಳಗೆ ಬರುತ್ತಿದ್ದದ್ದು ಅದೇ ಕಿಟಕಿಯ ಸಂದಿನಲ್ಲಿ. ಕಿಟಕಿ ಮುಚ್ಚಿದರೆ ಬಾಗಿಲು ಅದನ್ನು ಒತ್ತುತ್ತಿತ್ತು, ಬೆಳಕು ನಿಲ್ಲುತ್ತಿತ್ತು. ಮಳೆಗೂ ಕಿಟಕಿ ಹಾಕುತ್ತಿದ್ದರು. ಭಾನುವಾರ ಅವಸರದಲ್ಲಿ ತೆರೆದೇ ಹೋಗಿದ್ದರು. ರಿಪೇರಿಯವರು ಬರುತ್ತಿದ್ದದ್ದು ಹಗಲಲ್ಲಿ, ಆಗ ಕಿಟಕಿ ತೆರೆದಿರುತ್ತಿತ್ತು. ಮರುದಿನ ಕರೆಸಿ ಅಳೆಯಿಸಿದರು: ತೆರೆದಾಗ ಮೈನಸ್ 22, ಮುಚ್ಚಿದಾಗ ಮೈನಸ್ 31. ಗೋಡೆಗೆ ಸಣ್ಣ ತೂತು ಕೊರೆದು, ನಲುಗಿದ ಕೇಬಲ್ ಬದಲಿಸಿದರು. ಅಂದಿನಿಂದ ಸಂಜೆ ಕಡಿದು ಹೋಗಿಲ್ಲ. ಮಗಳ ಕೆಲಸವೂ ಉಳಿಯಿತು. ಬೇಡದ ರೂಟರಿನ ಸಾಲವನ್ನು ಮಾತ್ರ ಆರು ತಿಂಗಳು ಕಟ್ಟಬೇಕಾಯಿತು.

ರಿಪೇರಿಯವರ ತಪ್ಪೂ ಅಲ್ಲ, ಆ ತಾಯಿಯ ತಪ್ಪೂ ಅಲ್ಲ. ಮನೆಯಲ್ಲಿ ದಿನವಿಡೀ ಏನು ನಡೆಯುತ್ತದೆ ಎಂದು ತಿಳಿದವರು ಮನೆಯ ಹೆಂಗಸರೇ. "ಇದೆಲ್ಲ ನಮಗೆ ಅರ್ಥವಾಗುವುದಿಲ್ಲ" ಎಂದು ಹಿಂದೆ ಸರಿಯಬೇಡಿ. ನೋಡಿ, ಬರೆಯಿರಿ, ಆಮೇಲೆ ಖರ್ಚು ಮಾಡಿ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇಂಟರ್ನೆಟ್ ಇದೆ? ಯಾವ ಕೆಲಸಕ್ಕೆ ಅದು ಅಗತ್ಯ?
2. ನಿಮ್ಮ ಮನೆಯ ಕೇಬಲ್ ಒಳಗೆ ಬರುವ ದಾರಿ ಯಾವುದು? ಈ ವಾರ ಅದನ್ನು ಪೆಟ್ಟಿಗೆಯ ತನಕ ನೋಡಿ ಬನ್ನಿ.
3. ಒಂದೇ ಓಣಿಯ ಸದಸ್ಯೆಯರಿಗೆ ಒಂದೇ ತೊಂದರೆ ಇದ್ದರೆ, ಎಲ್ಲರ ಲೆಕ್ಕ ಸೇರಿಸಿ ಒಟ್ಟಾಗಿ ದೂರು ಕೊಡಬಹುದೇ?