ಹಿಮ್ಮಡಿ ನೋವಿಗೆ ಮೆಟ್ಟಿಲೇ ಮದ್ದು

ಬೆಳಿಗ್ಗೆ ಹಾಸಿಗೆಯಿಂದೆದ್ದು ನೆಲಕ್ಕೆ ಕಾಲೂರಿದರೆ ಹಿಮ್ಮಡಿಗೆ ಮೊಳೆ ಹೊಡೆದಂಥ ನೋವು. ಹತ್ತು ಹೆಜ್ಜೆ ಕುಂಟಿದ ಮೇಲೆ ತುಸು ಹಗುರ. ಕಲಬುರಗಿಯಲ್ಲಿ ಬಸ್ಸು ಹತ್ತಿ ಕಮಲಾಪುರದ ಶಾಲೆಗೆ ಇಳಿಯುವಾಗ ಮತ್ತೆ ಅದೇ ಪಾಡು. ಹೀಗೆ ಎಂಟು ತಿಂಗಳು ಕಳೆದೆ. 'ಕುಂತು ಪಾಠ ಹೇಳ್ರಿ ಸರ್' ಎಂದು ಹುಡುಗರು ಕುರ್ಚಿ ಸರಿಸಿದ ದಿನ, ನಿಂತು ಕಲಿಸುವ ಕಾಲ ಮುಗಿಯಿತೇ ಎಂಬ ಅಳುಕು ಹುಟ್ಟಿತು.

ಎಕ್ಸ್‌ರೇಯಲ್ಲಿ ಹಿಮ್ಮಡಿ ಮೂಳೆಗೆ ಮುಳ್ಳಿನಂಥ ಬೆಳವಣಿಗೆ ಕಂಡಿತು. ಅದೇ ಕಳ್ಳನೆಂದುಕೊಂಡೆ. ಆದರೆ ನೋವೇ ಇಲ್ಲದ ಅನೇಕರಲ್ಲೂ ಆ ಮುಳ್ಳು ಇರುತ್ತದಂತೆ! ನಿಜವಾದ ತೊಂದರೆ 'ಪ್ಲಾಂಟಾರ್ ಫ್ಯಾಸಿಯಾ' ಎಂಬ ನಾರುಪಟ್ಟಿಯದು. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಹಬ್ಬಿದ ಇದು, ಬಿಲ್ಲಿಗೆ ಹೆದೆಯಂತೆ ಪಾದದ ಕಮಾನನ್ನು ಹಿಡಿದಿರುತ್ತದೆ. ನಡೆಯುವಾಗ ಬೆರಳು ಮೇಲಕ್ಕೆ ಬಾಗಿದರೆ ಹೆದೆ ಬಿಗಿದು ಕಮಾನು ಏರುತ್ತದೆ. 1954ರಲ್ಲಿ ಹಿಕ್ಸ್ ಎಂಬ ವೈದ್ಯ ಇದನ್ನು ಹಗ್ಗ ಸುತ್ತುವ ರಾಟೆಗೆ ಹೋಲಿಸಿದ. ಗಟ್ಟಿ ನೆಲದ ಮೇಲೆ ದಿನವಿಡೀ ನಿಲ್ಲುವವರಿಗೆ, ತೂಕ ಹೆಚ್ಚಿದವರಿಗೆ, ಮೀನಖಂಡ ಬಿಗಿದವರಿಗೆ ಹಿಮ್ಮಡಿಯ ಬಳಿ ಈ ಪಟ್ಟಿ ಸವೆದು ನೋಯುತ್ತದೆ. ನಮ್ಮ ಕಡೆ ಶಹಾಬಾದ ಕಲ್ಲಿನ ಫರಸಿಯ ಮೇಲೆ ಬರಿಗಾಲಲ್ಲಿ ನಿಲ್ಲದವರು ಯಾರು?

ಕಲಬುರಗಿಯ ಫಿಸಿಯೋಥೆರಪಿ ವೈದ್ಯೆಯೊಬ್ಬರು 'ಪಿಲಾಟೀಸ್ ಮಾಡ್ರಿ' ಎಂದರು. ಜರ್ಮನಿಯಲ್ಲಿ 1883ರಲ್ಲಿ ಹುಟ್ಟಿದ ಜೋಸೆಫ್ ಪಿಲಾಟೀಸ್ ರೂಪಿಸಿದ ವ್ಯಾಯಾಮವಿದು. ಆತ ಇದನ್ನು 'ಕಂಟ್ರಾಲಜಿ' ಎಂದು ಕರೆದಿದ್ದ. ಸ್ಪ್ರಿಂಗ್ ಕಟ್ಟಿದ ಜಾರುಮಂಚದ ಮೇಲೆ ಮಲಗಿ, ಉಸಿರಿನೊಡನೆ ನಿಧಾನವಾಗಿ ಪಾದ ಒತ್ತುವುದು ಇದರಲ್ಲೊಂದು. ಆ ಮಂಚ ನಮಗೆಲ್ಲಿಂದ ಬರಬೇಕು? ಅದಿಲ್ಲದೆಯೂ ಆಗುತ್ತದೆಂದು ಆಕೆ ಮೆಟ್ಟಿಲು ತೋರಿಸಿದರು.

ಟವೆಲ್ ಸುರುಳಿ ಸುತ್ತಿ ಮೆಟ್ಟಿಲಂಚಿನಲ್ಲಿಡಿ. ಬೆರಳುಗಳು ಅದರ ಮೇಲೆ, ಹಿಮ್ಮಡಿ ಹೊರಗೆ. ಗೋಡೆ ಹಿಡಿದು 3 ಸೆಕೆಂಡಿನಲ್ಲಿ ಏರಿ, 2 ಸೆಕೆಂಡು ನಿಂತು, 3 ಸೆಕೆಂಡಿನಲ್ಲಿ ಇಳಿಯಿರಿ. 12 ಸಲಕ್ಕೊಂದು ಸುತ್ತು, ಮೂರು ಸುತ್ತು, ದಿನ ಬಿಟ್ಟು ದಿನ. ಒಂಟಿ ಕಾಲು ಕಷ್ಟವಾದರೆ ಎರಡರಿಂದ ಆರಂಭಿಸಿ. ಬೆರಳು ಬಾಗಿರುವುದರಿಂದ ಹೆದೆಗೆ ಭಾರ ಬೀಳುತ್ತದೆ. ಭಾರ ಹೊತ್ತ ನಾರು ಕ್ರಮೇಣ ಬಲಗೊಳ್ಳುತ್ತದೆ. 2014ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನದಲ್ಲಿ 48 ರೋಗಿಗಳ ಪೈಕಿ ಹೀಗೆ ಮಾಡಿದವರು, ಪಾದ ಎಳೆಯುವ ವ್ಯಾಯಾಮವನ್ನಷ್ಟೇ ಮಾಡಿದವರಿಗಿಂತ ಮೂರು ತಿಂಗಳಲ್ಲಿ ಹೆಚ್ಚು ಸುಧಾರಿಸಿದ್ದರು. ವರ್ಷ ಕಳೆದಾಗ ಇಬ್ಬರೂ ಸರಿಸಮ. ಅಂದರೆ ಇದು ಪವಾಡವಲ್ಲ, ಬೇಗ ದಾರಿ ತೋರುವ ಉಪಾಯ. ಪಾದ ಬಾತರೆ, ಜೋಮು ಹಿಡಿದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ ಮೊದಲು ವೈದ್ಯರಿಗೆ ತೋರಿಸಿ.

ಮೊದಲ ತಿಂಗಳು ಏನೂ ಕಾಣಲಿಲ್ಲ. ನಾಲ್ಕನೆಯ ತಿಂಗಳು ಕುರ್ಚಿ ಮರಳಿ ಗೋಡೆ ಸೇರಿತು. ಶಾಲೆಯ ಮೆಟ್ಟಿಲ ಮೇಲೆ ನನ್ನ ಕಸರತ್ತು ನೋಡಿ ಬಿಸಿಯೂಟ ಬೇಯಿಸುವ ಅಮ್ಮ ಕೇಳಿದಳು: 'ನನ್ನ ಹಿಮ್ಮಡಾನೂ ಹಿಂಗೇ ನೋಯ್ತದ್ರಿ ಸರ್. ಇದಕ್ಕ ರೊಕ್ಕ ಎಷ್ಟ್ರಿ?'

ಕೈಯಲ್ಲಿದ್ದ ಟವೆಲನ್ನು ಆಕೆಗೆ ಕೊಟ್ಟೆ.