ಸಾಕೆಟ್‌ನಲ್ಲಿ ಕೂತರೆ ಸಾಲದು

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ‘ಹಳೇ ಪಿಸಿಗೆ ಒಳ್ಳೇ ಪ್ರೊಸೆಸರ್ ಕೊಡಿ’ ಎಂದು ಕೇಳಿ ನೋಡಿ. ಪಳಗಿದ ಅಂಗಡಿಯವರು ದರ ಹೇಳುವುದಿಲ್ಲ, ‘ಬೋರ್ಡ್ ಯಾವುದು ಸಾರ್?’ ಅನ್ನುತ್ತಾರೆ. ಅಗ್ಗದ ಮದರ್‌ಬೋರ್ಡ್‌ಗೆ ಪ್ರೊಸೆಸರ್ ಹೊಂದಿಸುವ ಕಸುಬು ಶುರುವಾಗುವುದೇ ಅಲ್ಲಿಂದ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಈ ಕಸುಬಿಗೆ ಬೇಡಿಕೆ ಬಂದಿದೆ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಹೆಚ್ಚುಕಡಿಮೆ ಇಂಟೆಲ್‌ನ ಎಂಟನೇ ತಲೆಮಾರು, ಎಎಂಡಿಯ ರೈಜೆನ್ 2000 ಸರಣಿಯಿಂದ ಈಚಿನವನ್ನು ಮಾತ್ರ.

ಇಂಟೆಲ್‌ನ ಎಚ್110 ಬೋರ್ಡ್ ಇರುವವರಿಗೆ ಸಿಹಿಸುದ್ದಿ ಇಲ್ಲ. ಅದರ ಸಾಕೆಟ್ 1151. ಎಂಟನೇ ತಲೆಮಾರಿನ ಐ5-8400ರ ಸಾಕೆಟ್ ಕೂಡ 1151. ಒಳಗೆ ಸಲೀಸಾಗಿ ಕೂರುತ್ತದೆ, ಆದರೆ ಓಡುವುದಿಲ್ಲ. ವಿದ್ಯುತ್ ಹಂಚುವ ಕಾಲುಗಳ ವ್ಯವಸ್ಥೆಯನ್ನೇ ಇಂಟೆಲ್ ಬದಲಿಸಿತ್ತು. ಎಚ್110ಕ್ಕೆ ಐ7-7700 ಕೊನೆಯ ಮೆಟ್ಟಿಲು. ಅದಕ್ಕೆ ಹಣ ಸುರಿದರೂ ವಿಂಡೋಸ್ 11ರ ಬಾಗಿಲು ತೆರೆಯದು. ನನ್ನನ್ನು ಕೇಳಿದರೆ, ಅಲ್ಲಿ ಲಿನಕ್ಸ್ ಹಾಕಿಕೊಂಡು ಸುಮ್ಮನಿರುವುದು ವಾಸಿ.

ಎಎಂಡಿಯ ಎ320 ಬೋರ್ಡ್‌ನ ಕಥೆ ಬೇರೆ. 2017ರಲ್ಲಿ ಬಂದ ಈ ಅಗ್ಗದ ಬೋರ್ಡ್‌ಗೆ ರೈಜೆನ್ 5000 ಸರಣಿ ಹಾಕಲು ಕಂಪನಿ ಮೊದಲು ಒಪ್ಪಿರಲಿಲ್ಲ. 2022ರಲ್ಲಿ ಮನಸ್ಸು ಬದಲಿಸಿತು. ಹಾಗಾಗಿ ನಾಲ್ಕು ಕೋರ್‌ನ ರೈಜೆನ್ 3 1200 ತೆಗೆದು, ಆರು ಕೋರ್, ಹನ್ನೆರಡು ಥ್ರೆಡ್‌ನ ರೈಜೆನ್ 5 5500 ಹಾಕಬಹುದು. ಬೋರ್ಡ್, ರ‍್ಯಾಮ್, ಕ್ಯಾಬಿನೆಟ್ ಯಾವುದೂ ಬದಲಾಗಬೇಕಿಲ್ಲ.

ಆದರೆ ಎಲ್ಲ ಎ320ಗೂ ಅಲ್ಲ. ಬೋರ್ಡ್ ಮೇಲೆ ಅಚ್ಚಾದ ಪೂರ್ತಿ ಹೆಸರು, ಪಕ್ಕದ ರೆವಿಷನ್ ಸಂಖ್ಯೆ ಬರೆದುಕೊಂಡು ತಯಾರಕರ ಸಿಪಿಯು ಸಪೋರ್ಟ್ ಪಟ್ಟಿ ತೆಗೆಯಬೇಕು. ಪ್ರತಿ ಪ್ರೊಸೆಸರ್ ಎದುರು ಕನಿಷ್ಠ ಯಾವ ಬಯಾಸ್ (ಬೋರ್ಡ್‌ನೊಳಗಿನ ಮೂಲ ತಂತ್ರಾಂಶ) ಆವೃತ್ತಿ ಬೇಕೆಂದು ಬರೆದಿರುತ್ತದೆ. ಅದನ್ನು ಹಳೇ ಪ್ರೊಸೆಸರ್ ಇರುವಾಗಲೇ ಹಾಕಿಕೊಳ್ಳಬೇಕು. ಆಮೇಲೆ ನೋಡಿದರಾಯಿತು ಎಂದವರಿಗೆ ಸಿಗುವುದು ಕಪ್ಪು ಪರದೆ. ಅಪ್‌ಡೇಟ್ ನಡುವೆ ಕರೆಂಟು ಹೋದರೆ ಬೋರ್ಡೇ ಕೈಕೊಡಬಹುದು, ಯುಪಿಎಸ್ ಇಲ್ಲದೆ ಈ ಸಾಹಸ ಬೇಡ. ಬಯಾಸ್ ಚಿಪ್‌ನಲ್ಲಿ ಜಾಗ ಕಡಿಮೆಯಾದ್ದರಿಂದ ಕೆಲವು ಬೋರ್ಡ್‌ಗಳು ಹೊಸದನ್ನು ಸೇರಿಸುವಾಗ ತೀರಾ ಹಳೆಯ ಪ್ರೊಸೆಸರ್‌ಗಳನ್ನು ಕೈಬಿಡುತ್ತವೆ, ಅದನ್ನೂ ನೋಡಿಕೊಳ್ಳಿ.

ಪಟ್ಟಿಯಲ್ಲಿದೆ ಎಂದು ದೊಡ್ಡದಕ್ಕೆ ಕೈ ಹಾಕುವುದೂ ಜಾಣತನವಲ್ಲ. ಸಾಕೆಟ್ ಪಕ್ಕದಲ್ಲಿ ಸಾಲಾಗಿರುವ ಪುಟ್ಟ ಕಪ್ಪು ಚೌಕಗಳು ಪ್ರೊಸೆಸರ್‌ಗೆ ವಿದ್ಯುತ್ ಒದಗಿಸುವ ಭಾಗ. ಅಗ್ಗದ ಬೋರ್ಡ್‌ನಲ್ಲಿ ಅವುಗಳ ಮೇಲೆ ಹೀಟ್‌ಸಿಂಕ್ ಇರುವುದೇ ಅಪರೂಪ. 65 ವಾಟ್ ಎಂದು ಬರೆದ ರೈಜೆನ್ 88 ವಾಟ್‌ವರೆಗೆ, 105 ವಾಟ್‌ನದು 142ರವರೆಗೆ ಎಳೆಯುತ್ತದೆ. ಹೀಗಾಗಿ 65 ವಾಟ್‌ನವನ್ನು ದಾಟಬೇಡಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದವರಿಗೆ 5500, 5600 ಎರಡೂ ಆಗದು, ಅವುಗಳಲ್ಲಿ ಗ್ರಾಫಿಕ್ಸ್ ಇಲ್ಲ. 5600ಜಿ ನೋಡಬೇಕು.

ಇನ್ನು ಹಳೆಯದನ್ನು ತೆಗೆಯುವ ಕೆಲಸ. ಎ320 ಬೋರ್ಡ್‌ನ ಸಾಕೆಟ್‌ನಲ್ಲಿ 1331 ಪಿನ್‌ಗಳಿರುವುದು ಪ್ರೊಸೆಸರ್‌ನ ಹೊಟ್ಟೆಗೆ. ವರ್ಷಗಟ್ಟಲೆ ಒಣಗಿದ ಥರ್ಮಲ್ ಪೇಸ್ಟ್ ಅಂಟಿನಂತೆ ಹಿಡಿದಿರುತ್ತದೆ. ಕೂಲರನ್ನು ನೇರ ಮೇಲಕ್ಕೆ ಎಳೆದರೆ ಪ್ರೊಸೆಸರೂ ಕಿತ್ತುಕೊಂಡು ಬಂದು ಪಿನ್ ಬಾಗುತ್ತದೆ. ಸ್ವಲ್ಪ ಹೊತ್ತು ಪಿಸಿ ಓಡಿಸಿ ಪೇಸ್ಟ್ ಬೆಚ್ಚಗಾದ ಮೇಲೆ, ಪವರ್ ತೆಗೆದು, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸುತ್ತ ಬಿಡಿಸಬೇಕು. ಬಾಗಿದ ಪಿನ್ನನ್ನು ರಿಪೇರಿಯವರು ಕಡ್ಡಿ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್‌ನ ತುದಿ ತೂರಿಸಿ ನೆಟ್ಟಗೆ ಮಾಡುತ್ತಾರೆ.

ಹೊಸದು ಕೂತು ಮೊದಲ ಸಲ ಆನ್ ಮಾಡಿದಾಗ ಎಫ್‌ಟಿಪಿಎಂ (ಗೂಢಲಿಪಿ ಕೀಗಳನ್ನು ಕಾಯುವ ಭದ್ರತಾ ವ್ಯವಸ್ಥೆ) ರೀಸೆಟ್ ಮಾಡಲೇ ಎಂದು ಅನೇಕ ಬೋರ್ಡ್‌ಗಳು ಕೇಳುತ್ತವೆ. ವಿಂಡೋಸ್‌ನ ಬಿಟ್‌ಲಾಕರ್‌ನಿಂದ ಬೀಗ ಹಾಕಿದ ಡಿಸ್ಕ್ ಆದರೆ ‘ವೈ’ ಒತ್ತಿದ ಮೇಲೆ ರಿಕವರಿ ಕೀ ಇಲ್ಲದೆ ಅದು ತೆರೆಯುವುದಿಲ್ಲ. ಸ್ಕ್ರೂಡ್ರೈವರ್ ಹಿಡಿಯುವ ಮೊದಲೇ ಆ ಕೀ ಕಾಗದದ ಮೇಲಿರಲಿ.