ಗೇಮಿಂಗ್ ಹೆಡ್‌ಸೆಟ್: ವೈರ್ ಇರಬೇಕೋ, ಬೇಡವೋ?

ಗೇಮಿಂಗ್ ಹೆಡ್‌ಸೆಟ್ ಅಂದರೆ ಸಾಮಾನ್ಯವಾಗಿ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್, ಜೊತೆಗೆ ಬಾಯಿಯ ಹತ್ತಿರಕ್ಕೆ ಬಾಗಿಸಿಕೊಳ್ಳುವ ಒಂದು ಮೈಕ್. ಬಿಜಿಎಂಐ, ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ ಥರದ ಆಟಗಳಲ್ಲಿ ಎದುರಾಳಿಯ ಹೆಜ್ಜೆ ಸಪ್ಪಳ ಎಡದಿಂದ ಬಂತೋ ಬಲದಿಂದ ಬಂತೋ ಅನ್ನುವುದರ ಮೇಲೆ ಸೋಲು ಗೆಲುವು ನಿಂತಿರುತ್ತದೆ. ಅದನ್ನು ಕೇಳಿಸಿಕೊಂಡು ತಂಡದವರಿಗೆ ತಕ್ಷಣ ಹೇಳಬೇಕು. ಈ ಎರಡು ಕೆಲಸ ಸರಿಯಾಗಿ ಆದರೆ ಸಾಕು. ಉಳಿದ ಲೈಟು, ಬಣ್ಣ ಎಲ್ಲ ಅಲಂಕಾರ.

ವೈರ್ ಇರುವುದೋ ಇಲ್ಲದ್ದೋ ಎಂದು ಯೋಚಿಸುವ ಮೊದಲು ನೀವು ಆಡುವುದು ಯಾವುದರಲ್ಲಿ ನೋಡಿಕೊಳ್ಳಿ. ಮೊಬೈಲೇ, ಲ್ಯಾಪ್‌ಟಾಪೇ, ಹಳೆಯ ಡೆಸ್ಕ್‌ಟಾಪೇ, ಪ್ಲೇಸ್ಟೇಷನ್ನೇ? ಅರ್ಧ ತೀರ್ಮಾನ ಅಲ್ಲೇ ಆಗಿಬಿಡುತ್ತದೆ.

ವೈರ್ ಇರುವವುಗಳಲ್ಲಿ ಎರಡು ಜಾತಿ. ಒಂದು, 3.5 ಮಿಲಿಮೀಟರ್ ಪಿನ್ನಿನದು. ಪಿನ್ನನ್ನು ಕೈಗೆತ್ತಿಕೊಂಡು ನೋಡಿ. ಅದರ ಮೇಲೆ ಮೂರು ಸಣ್ಣ ಕಪ್ಪು ಗೆರೆಗಳಿದ್ದರೆ ಎಡ, ಬಲ, ಗ್ರೌಂಡ್, ಮೈಕ್ ಎಲ್ಲವೂ ಅದೊಂದರಲ್ಲೇ ಇವೆ ಎಂದರ್ಥ. ಎರಡೇ ಗೆರೆ ಇದ್ದರೆ ಆ ಪಿನ್ನಿನಲ್ಲಿ ಮೈಕಿಗೆ ಜಾಗ ಇಲ್ಲ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ತೂತು, ಮೂರು ಗೆರೆಯ ಪಿನ್ ನೇರ ಕೂರುತ್ತದೆ. ಡೆಸ್ಕ್‌ಟಾಪಿನಲ್ಲಿ ಬಹುಮಟ್ಟಿಗೆ ಎರಡು ತೂತು: ಹಸಿರು ಬಣ್ಣದ್ದು ಸದ್ದಿಗೆ, ಗುಲಾಬಿ ಬಣ್ಣದ್ದು ಮೈಕಿಗೆ. ಹಸಿರಿಗೆ ಮಾತ್ರ ಸಿಕ್ಕಿಸಿ, ಮೈಕ್ ಕೆಟ್ಟಿದೆ ಎಂದು ವಾಪಸ್ ಕಳಿಸುವವರು ಬಹಳ. ಒಂದನ್ನು ಎರಡಾಗಿ ಸೀಳುವ ಸ್ಪ್ಲಿಟರ್ ಕೇಬಲ್ ನೂರಿನ್ನೂರು ರೂಪಾಯಿಗೆ ಸಿಗುತ್ತದೆ. ಕೆಲವು ಹೆಡ್‌ಸೆಟ್‌ಗಳ ಡಬ್ಬದೊಳಗೇ ಇರುತ್ತದೆ. ಎಸೆಯುವ ಮೊದಲು ಡಬ್ಬ ಅಲುಗಿಸಿ ನೋಡಿ.

ಇನ್ನೊಂದು ಜಾತಿ ಯುಎಸ್‌ಬಿ ವೈರಿನದು. ಇದರೊಳಗೇ ಒಂದು ಪುಟ್ಟ ಸೌಂಡ್ ಕಾರ್ಡ್, ಅಂದರೆ ಕಂಪ್ಯೂಟರಿನ ಅಂಕಿಗಳನ್ನು ಸದ್ದಾಗಿಸುವ ಚಿಪ್, ಇರುತ್ತದೆ. ನಿಮ್ಮ ಕಂಪ್ಯೂಟರಿನ ಆಡಿಯೋ ತೂತು ಗುಂಯ್‌ಗುಡುತ್ತಿದ್ದರೆ ಇದು ಒಳ್ಳೆಯದು. ಪ್ಲೇಸ್ಟೇಷನ್ 5ಕ್ಕೂ ಆಗುತ್ತದೆ. ಎಕ್ಸ್‌ಬಾಕ್ಸ್ ಮಾತ್ರ ತನಗಾಗಿಯೇ ಮಾಡಿದ್ದನ್ನು ಬಿಟ್ಟು ಬೇರೆ ಯುಎಸ್‌ಬಿ ಹೆಡ್‌ಸೆಟ್‌ಗಳನ್ನು ಒಪ್ಪುವುದಿಲ್ಲ.

ಮೊಬೈಲಿನಲ್ಲಿ 3.5ರ ತೂತೇ ಇಲ್ಲವಲ್ಲ ಅನ್ನುತ್ತೀರಾ? ಟೈಪ್-ಸಿ ಕನ್ವರ್ಟರ್ ಬೇಕು. ಆದರೆ ಬರೀ ವೈರ್ ಜೋಡಿಸಿದ ಅಗ್ಗದ ಕನ್ವರ್ಟರ್ ಎಲ್ಲ ಫೋನಿನಲ್ಲೂ ನಡೆಯುವುದಿಲ್ಲ. ಡಬ್ಬದ ಮೇಲೆ ‘ಡಿಎಸಿ’ ಎಂದು ಬರೆದಿರುವುದನ್ನೇ ಕೇಳಿ. ಸದ್ದಾಗಿಸುವ ಚಿಪ್ ಅದರಲ್ಲಿರುತ್ತದೆ. ಇನ್ನೊಂದು ತಾಪತ್ರಯ, ಕನ್ವರ್ಟರ್ ಕೂತರೆ ಚಾರ್ಜರಿಗೆ ಜಾಗವಿಲ್ಲ. ಚಾರ್ಜಿಗೆ ಹಾಕಿಕೊಂಡೇ ಆಡುವವರು ಎರಡು ಬಾಯಿಯ ಕನ್ವರ್ಟರ್ ತೆಗೆದುಕೊಳ್ಳಬೇಕು.

ಈಗ ವೈರ್‌ಲೆಸ್‌ಗೆ ಬರೋಣ. ಜನ ಹೆಚ್ಚು ಮೋಸಹೋಗುವುದು ಇಲ್ಲಿ. ವೈರ್‌ಲೆಸ್ ಎಂದರೆ ಒಂದೇ ಬಗೆ ಅಲ್ಲ. ಬ್ಲೂಟೂತ್‌ನದು ಬೇರೆ, 2.4 ಗಿಗಾಹರ್ಟ್ಸ್ ಡಾಂಗಲ್‌ನದು ಬೇರೆ. ಡಾಂಗಲ್ ಅಂದರೆ ಯುಎಸ್‌ಬಿ ತೂತಿಗೆ ಸಿಕ್ಕಿಸುವ ಹೆಬ್ಬೆರಳಿನಷ್ಟು ದೊಡ್ಡ ರೇಡಿಯೋ ತುಣುಕು. ಎರಡೂ ಬಳಸುವ ತರಂಗಪಟ್ಟಿ ಒಂದೇ. ವ್ಯತ್ಯಾಸ ಇರುವುದು ಲೇಟೆನ್ಸಿಯಲ್ಲಿ, ಅಂದರೆ ಸದ್ದು ಕಿವಿಗೆ ತಲುಪಲು ಹಿಡಿಯುವ ಹೊತ್ತಿನಲ್ಲಿ.

ವೈರಿನಲ್ಲಿ ಈ ತಡ ಲೆಕ್ಕಕ್ಕಿಲ್ಲ. ಒಳ್ಳೆಯ ಡಾಂಗಲ್‌ನಲ್ಲಿ ಸುಮಾರು 20ರಿಂದ 40 ಮಿಲಿಸೆಕೆಂಡ್. ಆಡುವವರ ಗಮನಕ್ಕೆ ಬರುವುದು ಅಪರೂಪ. ಸಾಮಾನ್ಯ ಬ್ಲೂಟೂತ್‌ನಲ್ಲಿ 150ರಿಂದ 250. ಇನ್ನೂರು ಮಿಲಿಸೆಕೆಂಡ್ ಏನು ಮಹಾ ಅನ್ನಿಸಬಹುದು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅಂದರೆ ಆಟದಲ್ಲಿ ನಿಮ್ಮ ಪಕ್ಕದಲ್ಲೇ ಹಾರಿದ ಗುಂಡಿನ ಸದ್ದು ಸುಮಾರು 69 ಮೀಟರ್ ಆಚೆಯಿಂದ ಬಂದಷ್ಟು ತಡವಾಗಿ ಕೇಳುತ್ತದೆ. ಅಷ್ಟರಲ್ಲಿ ಸೆಕೆಂಡಿಗೆ 60 ಚಿತ್ರ ತೋರಿಸುವ ಪರದೆ 12 ಚಿತ್ರ ಮುಂದೆ ಹೋಗಿರುತ್ತದೆ.

‘ಅದೇ ಇಯರ್‌ಬಡ್ಸ್‌ನಲ್ಲಿ ಸಿನಿಮಾ ನೋಡಿದರೆ ತುಟಿಗೂ ಮಾತಿಗೂ ಸರಿಹೊಂದುತ್ತಲ್ಲ?’ ಹೌದು. ಸದ್ದು ತಡ ಎಂಬುದು ವಿಡಿಯೋ ಆ್ಯಪ್‌ಗೆ ಗೊತ್ತಿರುತ್ತದೆ. ಚಿತ್ರವನ್ನೂ ಅಷ್ಟೇ ತಡಮಾಡಿ ತೋರಿಸುತ್ತದೆ. ಆಟದಲ್ಲಿ ಹಾಗೆ ಮಾಡಲಾಗದು, ನೀವು ಬಟನ್ ಒತ್ತಿದ ಕೂಡಲೇ ಗುಂಡು ಹಾರಬೇಕು. ಕೆಲವು ಇಯರ್‌ಬಡ್ಸ್‌ನಲ್ಲಿರುವ ‘ಗೇಮ್ ಮೋಡ್’ ಈ ತಡವನ್ನು ಇಳಿಸುತ್ತದೆ ನಿಜ. ಆದರೆ ಡಾಂಗಲ್‌ನ ಮಟ್ಟಕ್ಕೆ ತರುವುದು ಕಡಿಮೆ.

ಬ್ಲೂಟೂತ್‌ನ ಇನ್ನೊಂದು ತೊಂದರೆ ಮೈಕ್ ಆನ್ ಮಾಡಿದಾಗ ಗೊತ್ತಾಗುತ್ತದೆ. ಹೆಡ್‌ಸೆಟ್ ಹಾಡಿನ ವಿಧಾನದಿಂದ ಫೋನ್ ಕರೆಯ ವಿಧಾನಕ್ಕೆ ಜಾರುತ್ತದೆ. ಇಡೀ ಆಟದ ಸದ್ದು ಟ್ರಂಕ್ ಕಾಲ್ ಕಾಲಕ್ಕೆ ಹೋದ ಹಾಗೆ ಆಗುತ್ತದೆ. ಎಡ ಬಲ ಎಂಬ ಭೇದವೂ ಸಾಮಾನ್ಯವಾಗಿ ಹೋಗಿಬಿಡುತ್ತದೆ. ಬ್ಲೂಟೂತ್‌ನದೇ ಹೊಸ ವಿಧಾನವಾದ ‘ಎಲ್‌ಇ ಆಡಿಯೋ’ ಇದಕ್ಕೆ ಪರಿಹಾರ, ಆದರೆ ಹೆಡ್‌ಸೆಟ್ ಮತ್ತು ಫೋನ್ ಎರಡರಲ್ಲೂ ಅದು ಇರಬೇಕು. ಇನ್ನು ಪ್ಲೇಸ್ಟೇಷನ್ 5 ಬ್ಲೂಟೂತ್ ಹೆಡ್‌ಸೆಟ್‌ಗಳನ್ನು ಸೇರಿಸಿಕೊಳ್ಳುವುದೇ ಇಲ್ಲ. ಅದಕ್ಕೆ ಡಾಂಗಲ್ ಬೇಕು, ಇಲ್ಲವೇ ಕಂಟ್ರೋಲರಿನ 3.5ರ ತೂತಿಗೆ ವೈರ್ ಹಾಕಬೇಕು.

ಡಾಂಗಲ್ ಇದ್ದೂ ಸದ್ದು ಕಡಿದು ಕಡಿದು ಬರುತ್ತಿದ್ದರೆ ಅದು ಯಾವ ತೂತಿನಲ್ಲಿದೆ ನೋಡಿ. ಯುಎಸ್‌ಬಿ 3 ತೂತುಗಳು, ಅದರಲ್ಲೂ ಪಕ್ಕದಲ್ಲಿ ಹಾರ್ಡ್‌ಡಿಸ್ಕ್ ಸಿಕ್ಕಿಸಿದ್ದರೆ, 2.4 ಗಿಗಾಹರ್ಟ್ಸ್ ಸುತ್ತ ರೇಡಿಯೋ ಗದ್ದಲ ಎಬ್ಬಿಸುತ್ತವೆ. ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ತಂದು ಡಾಂಗಲನ್ನು ಮೇಜಿನ ಮೇಲೆ, ಕಣ್ಣೆದುರಿಗೆ ಇಡಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಡಾಂಗಲ್ ಕಳೆದರೆ ಬಿಡಿಯಾಗಿ ಸಿಗುವುದು ಕಷ್ಟ ಎಂಬುದೂ ನೆನಪಿರಲಿ.

ವೈರ್‌ಲೆಸ್‌ನ ನಿಜವಾದ ಖರ್ಚು ಬ್ಯಾಟರಿ. ಹೊಸದರಲ್ಲಿ ಒಮ್ಮೆ ಚಾರ್ಜ್ ಮಾಡಿದರೆ 20ರಿಂದ 40 ಗಂಟೆ ಬರುವುದು ಸಾಮಾನ್ಯ. ಬಣ್ಣದ ಲೈಟ್ ಹಾಕಿಕೊಂಡರೆ ತುಂಬಾ ಕಡಿಮೆ. ಲಿಥಿಯಂ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೊರಗತೊಡಗುತ್ತದೆ. ಹೆಚ್ಚಿನವುಗಳಲ್ಲಿ ಅದನ್ನು ಬದಲಿಸುವುದು ಸುಲಭವಲ್ಲ. ಆದ್ದರಿಂದ 3.5ರ ತೂತು ಕೂಡ ಇರುವ ವೈರ್‌ಲೆಸ್ ಹುಡುಕಿ. ಬ್ಯಾಟರಿ ಸತ್ತ ಮೇಲೂ ವೈರ್ ಹಾಕಿ ನಡೆಯುತ್ತದೆಯೇ ಎಂದು ಕೇಳಿ. ವೈರ್ ಇರುವುದಕ್ಕೂ ಕಾಯಿಲೆ ಇದೆ: ಪಿನ್ನಿನ ಕತ್ತಿನ ಹತ್ತಿರ ತಂತಿ ಒಳಗೇ ಕಡಿಯುತ್ತದೆ. ಆದರೆ ಕಳಚಿ ಬದಲಿಸುವ ಕೇಬಲ್ ಇದ್ದರೆ ಹೊಸದು ಹಾಕಿದರಾಯಿತು. ಇಲ್ಲದಿದ್ದರೆ ಬೆಸುಗೆ ಹಾಕುವ ರಿಪೇರಿಯವರು ಊರೂರಲ್ಲಿ ಇದ್ದಾರೆ.

ಬೆಲೆ ಅಂದಾಜಿಗೆ ಹೇಳುತ್ತೇನೆ, ಆಫರ್ ಮೇಲೆ ಹೆಚ್ಚುಕಡಿಮೆ ಆಗುತ್ತದೆ. ವೈರ್ ಇರುವುದು 1,000ದಿಂದ 2,000 ರೂಪಾಯಿಗೆ ಕೆಲಸ ನಡೆಸುವಂಥದ್ದು, 3,000ದಿಂದ 5,000ಕ್ಕೆ ನಿಜಕ್ಕೂ ಒಳ್ಳೆಯದು. ಡಾಂಗಲ್ ಇರುವ ನಂಬಬಹುದಾದ ವೈರ್‌ಲೆಸ್‌ಗೆ 5,000ದಿಂದ 8,000 ಇಟ್ಟುಕೊಳ್ಳಿ. 15,000 ದಾಟಿದವೂ ಬೇಕಾದಷ್ಟಿವೆ. ಒಂದೇ ಬೆಲೆಯ ಎರಡನ್ನು ಹೋಲಿಸಿದರೆ ಸಾಮಾನ್ಯವಾಗಿ ವೈರಿನದೇ ಸದ್ದು, ಮೈಕ್ ಎರಡರಲ್ಲೂ ಮೇಲು. ಇನ್ನೊಂದರಲ್ಲಿ ನಿಮ್ಮ ದುಡ್ಡು ರೇಡಿಯೋಗೂ ಬ್ಯಾಟರಿಗೂ ಹಂಚಿಹೋಗಿರುತ್ತದೆ. ‘7.1 ಸರೌಂಡ್’ ಎಂಬ ಅಕ್ಷರಕ್ಕೆ ಹೆಚ್ಚು ಕೊಡಬೇಡಿ. ಬಹುತೇಕ ಹೆಡ್‌ಸೆಟ್‌ಗಳಲ್ಲಿ ಕಿವಿಗೊಂದರಂತೆ ಇರುವುದು ಎರಡೇ ಸ್ಪೀಕರ್, ಉಳಿದದ್ದು ಸಾಫ್ಟ್‌ವೇರ್ ಮಾಡುವ ಮಾಯೆ.

ಹಾಗಾಗಿ ನನ್ನ ಸಲಹೆ: 4,000ದ ಒಳಗೆ ಬಜೆಟ್ ಇದ್ದರೆ ಎರಡನೇ ಮಾತಿಲ್ಲದೆ ವೈರ್. ಅದಕ್ಕಿಂತ ಹೆಚ್ಚು ಕೊಡಬಲ್ಲಿರಾದರೆ, ನಡುನಡುವೆ ಎದ್ದು ಓಡಾಡುವವರಾದರೆ ಡಾಂಗಲ್. ಬರೀ ಬ್ಲೂಟೂತ್ ಇರುವುದು ಹಾಡು ಕೇಳಲು ಇರಲಿ.

ಬೆಂಗಳೂರಿನವರಾದರೆ ಎಸ್.ಪಿ. ರೋಡಿನಲ್ಲಿ ನಾಲ್ಕು ಅಂಗಡಿ ಸುತ್ತಿ. ಬೇರೆ ಊರುಗಳಲ್ಲಿ ದೊಡ್ಡ ಕಂಪ್ಯೂಟರ್ ಅಂಗಡಿಗಳಲ್ಲಿ ಸಿಗುತ್ತದೆ. ಹತ್ತು ನಿಮಿಷ ತಲೆಗೆ ಹಾಕಿಕೊಂಡು ನೋಡಿ, ಕನ್ನಡಕ ಇದ್ದವರು ಕನ್ನಡಕದ ಸಮೇತ. ಮಂಗಳೂರು, ಉಡುಪಿ ಕಡೆಯ ಬೆವರಿಗೆ ರೆಕ್ಸಿನ್ ಥರದ ಕುಶನ್ ಸಿಪ್ಪೆ ಏಳುತ್ತದೆ, ಬಟ್ಟೆಯದು ವಾಸಿ. ಆನ್‌ಲೈನ್ ತರಿಸಿದರೆ ಡಬ್ಬ ಬಿಚ್ಚುವುದನ್ನು ವಿಡಿಯೋ ಮಾಡಿಟ್ಟುಕೊಳ್ಳಿ. ವೈರ್‌ಲೆಸ್ ಹೆಡ್‌ಸೆಟ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಆ ಸಂಖ್ಯೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ, ವಾರಂಟಿ ಎಷ್ಟು ದಿನ, ಸರ್ವಿಸ್ ಸೆಂಟರ್ ಎಲ್ಲಿ ಎಂದು ವಿಚಾರಿಸಿ. ವಾರಂಟಿ ಇದ್ದೂ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ದೂರನ್ನು ಕನ್ನಡದಲ್ಲೂ ಹೇಳಬಹುದು.